ಸೂಜಿ ಚುಚ್ಚದ ಕೈ

ನಾಲ್ಕು ಕೂಸು. ನಾಲ್ಕು ರಕ್ತದ ಸೀಸೆ. ನಾಲ್ಕರಲ್ಲೂ ಒಂದೇ ರೋಗಾಣು.

ನಿನ್ನೆ ಲ್ಯಾಬಿನ ವರದಿ ಬಂದದ್ದೇ ತಡ, ನವಜಾತ ಶಿಶುಗಳ ವಾರ್ಡಿಗೆ ಬೀಗ ಬಿತ್ತು. ಸೋಂಕು ಹರಡಿದೆಯಂತೆ, ಒಳಗಿದ್ದವರು ಒಳಗೇ. ಯಾರ ಕೈಯಿಂದ ಹರಡಿತು? ಎಲ್ಲರೂ ಬೊಟ್ಟು ಮಾಡಿದ್ದು ಹೆಡ್ ನರ್ಸ್ ದೊಡ್ಡಕ್ಕನ ಕಡೆಗೆ. ಇಪ್ಪತ್ತೆರಡು ವರ್ಷ ಮೊಣಕೈವರೆಗೆ ಸೋಪು ತಿಕ್ಕಿದವಳಿಗೆ ಈ ಬಹುಮಾನ!

ಅದಕ್ಕಿಂತ ಹೊಟ್ಟೆ ಉರಿಸಿದ್ದು ಎರಡನೇ ತೊಟ್ಟಿಲು. ವರದಿ ನಂಬಿ ನಾಲ್ಕೂ ಕೂಸಿಗೆ ಕಟುವಾದ ಔಷಧಿ ಕೊಡುತ್ತಿದ್ದರು. ಎರಡನೆಯದು ಒಂದೂಕಾಲು ಕಿಲೋ. ಬೆಳಗ್ಗೆಯಿಂದ ಉಚ್ಚೆಯನ್ನೇ ಹೊಯ್ದಿಲ್ಲ. ಔಷಧಿಗೆ ಮೂತ್ರಪಿಂಡ ಸೋಲುತ್ತಿತ್ತು.

"ಔಷಧಿ ನಿಲ್ಸಿ ಡಾಕ್ಟ್ರೇ," ಎಂದಳು ದೊಡ್ಡಕ್ಕ.

"ನಿಲ್ಸಿದ್ರೆ ನಂಜು ಕೊಲ್ಲತ್ತೆ," ಎಂದರು ಹಿರಿಯ ಡಾಕ್ಟರು. "ವರದಿ ಸುಳ್ಳು ಹೇಳತ್ತಾ?"

*

ಮೂರನೇ ತೊಟ್ಟಿಲಿನ ಕೂಸು ಗಟಗಟ ಹಾಲು ಕುಡಿಯುತ್ತಿತ್ತು. ನಂಜೇರಿದ ಕೂಸು ಹೀಗೆ ಕುಡಿಯುವುದುಂಟೆ? ಲ್ಯಾಬಿನವನು ಸೀಸೆಯ ಚೀಟಿ ಅದಲುಬದಲು ಮಾಡಿದನೇ? ಮಾಡಿದ್ದರೂ ನಾಲ್ಕರಲ್ಲೂ ಒಂದೇ ರೋಗಾಣು ಬೆಳೆಯುವುದಿಲ್ಲ.

ದೊಡ್ಡಕ್ಕ ಕೂಸಿನ ಬಟ್ಟೆ ಬಿಚ್ಚಿದಳು. ಬಲಗಾಲಲ್ಲಿ ಔಷಧಿಯ ಸೂಜಿ. ಅದು ತಾನೇ ಹಾಕಿದ್ದು. ಬೇರೆಲ್ಲೂ ಚುಕ್ಕೆಯಷ್ಟು ಗುರುತೂ ಇಲ್ಲ. ಹಾಗಾದರೆ ಪರೀಕ್ಷೆಗೆ ರಕ್ತ ತೆಗೆದದ್ದೆಲ್ಲಿಂದ?

ರಕ್ತ ತೆಗೆದವಳು ಅಲ್ಲೇ ಇದ್ದಳು. ನಂಜನ್ನು ಬೇಗ ಪತ್ತೆಹಚ್ಚುವ ಹೊಸ ಪರೀಕ್ಷೆಯ ಸಂಶೋಧನೆಗೆ ಬಂದ ಕಿರಿಯ ಡಾಕ್ಟರು.

"ಈ ಮಗೂಗೆ ಎಲ್ಲಿ ಚುಚ್ಚಿದ್ರಿ?"

"ಎಡಗೈಗೆ. ಎರಡು, ಮೂರು ಸಲ."

ದೊಡ್ಡಕ್ಕ ಲ್ಯಾಬಿಗೆ ಫೋನು ಮಾಡಿದಳು. "ಆ ಸೀಸೆಗಳ ಜೊತೇಲೇ ಕಳ್ಸಿದ್ದ ಹೊಸ ಪರೀಕ್ಷೆ ಟ್ಯೂಬಲ್ಲಿ ರಕ್ತ ಉಳಿದಿದ್ಯಾ? ನಾಲ್ಕರದ್ದೂ ರಕ್ತದ ಗುಂಪು ನೋಡಿ."

*

"ನಾಲ್ಕು ಟ್ಯೂಬೂ ಬಿ ಗುಂಪು," ಎಂದಳು ದೊಡ್ಡಕ್ಕ, ಹಿರಿಯ ಡಾಕ್ಟರ ಎದುರಿಗೇ. "ಮೂರನೇ ಮಗೂದು ಓ ಅಂತ ಹುಟ್ಟಿದಾಗ್ಲೇ ಬರ್ದಿದೀವಿ. ಬಿ ಇರೋದು ಮೊದಲನೇ ತೊಟ್ಟಿಲಿನ ಮಗೂದು ಮಾತ್ರ, ಇದೆಲ್ಲ ಅದರ ರಕ್ತ. ಅದರ ಹೊಕ್ಕುಳಿಗೆ ಮಾತ್ರ ಕೊಳವೆ ಹಾಕಿದೀವಿ, ಚುಚ್ಚದೇನೇ ರಕ್ತ ಸಿಗತ್ತೆ. ಒಂದು ಮಗೂದು ತೆಗ್ದು ನಾಲ್ಕು ಸೀಸೆ ತುಂಬಿದಾರೆ. ಸೋಂಕು ಹರಡೇ ಇಲ್ಲ."

ಕಿರಿಯ ಡಾಕ್ಟರ ಮುಖ ಬಿಳಿಚಿತು.

"ಎರಡನೇದಕ್ಕೆ ಮೂರು ಸಲ ಚುಚ್ಚಿದೆ. ನರ ಸಿಗ್ಲಿಲ್ಲ, ಅತ್ತು ಅತ್ತು ನೀಲಿಯಾಯ್ತು. ಆಮೇಲೆ ಯಾರನ್ನೂ ಚುಚ್ಚೋಕೆ ಕೈ ಬರ್ಲಿಲ್ಲ. ಹೇಳ್ಬೇಕು ಅನ್ನೋಷ್ಟರಲ್ಲಿ ಬೀಗ ಬಿತ್ತು. ದಾರೀನೇ ಇರ್ಲಿಲ್ಲ."

"ಇತ್ತು," ಎಂದಳು ದೊಡ್ಡಕ್ಕ. "ನಿಮ್ ಮಾನ ಹೋಗ್ತಿತ್ತು, ಅಷ್ಟೇ."

*

ಎರಡನೇ ಕೂಸಿನ ಔಷಧಿ ಬದಲಾಯಿತು. ನೆತ್ತಿಯ ಪಕ್ಕದ ಎಳೆ ನರ ಹುಡುಕಿ ದೊಡ್ಡಕ್ಕನೇ ರಕ್ತ ತೆಗೆದಳು. ಅದರಲ್ಲಿ ರೋಗಾಣು ಬೆಳೆಯುತ್ತದೋ ಇಲ್ಲವೋ ತಿಳಿಯಲು ಇನ್ನೊಂದು ದಿನ ಬೇಕು.

ಗಾಜಿನಾಚೆ ಆ ಕೂಸಿನ ತಾಯಿ ನಿಂತಿದ್ದಳು. ನಿನ್ನೆ ಅವಳಿಗೆ ರೋಗಾಣುವಿನ ಹೆಸರು ಹೇಳಿ ಧೈರ್ಯ ತುಂಬಿದವಳು ದೊಡ್ಡಕ್ಕನೇ.

"ಸಿಸ್ಟರ್, ನನ್ ಮಗೂಗೆ ಏನಾಗಿದೆ?"

ದೊಡ್ಡಕ್ಕ ಗಾಜಿನ ಹತ್ತಿರ ಬಂದಳು.

"ಗೊತ್ತಿಲ್ಲಮ್ಮ," ಎಂದಳು. "ಈಗಷ್ಟೇ ಹುಡುಕೋಕೆ ಶುರು ಮಾಡಿದೀವಿ."