ಇಳಿಯಲು ಬಾರದ ಪೈಲಟ್

ತನ್ನ ವಿಮಾನದ ಮೇಲೆ ಗುಲಾಬಿ ಎಸಳು ಉದುರುವುದನ್ನು ಅವನು ನನ್ನ ಮಾನಿಟರಿನಲ್ಲಿ ಒಂದು ನಿಮಿಷ ನೋಡಿದ. ಆಮೇಲೆ ಸನಾದಿ ಶುರುವಾಯಿತು. ವಿಮಾನ ಮೋಡ ಸೀಳಿ ಹೊರಬರುವ ಕಡೆ ನಾನು ಅದರ ಸುತ್ತ ಹೃದಯದ ಆಕಾರದ ಚೌಕಟ್ಟು ಹಾಕಿದ್ದೆ. ಅಷ್ಟು ಹೊತ್ತಿಗೆ ಅವನ ಕಿವಿ ಕೆಂಪಾಗಿದ್ದವು.

"ಇದು ಇಮಾನ ಐತ್ರಿ," ಎಂದ. "ಮದಿಮಗಳಲ್ಲ."

ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಆದರೆ ಕರಜಗಿಯ ನಮ್ಮ ಫೋಟೋ ಸ್ಟುಡಿಯೋದಲ್ಲಿ ಮಿಕ್ಸಿಂಗ್ ಎಂದರೆ ಮದುವೆ ವಿಡಿಯೋ ಕತ್ತರಿಸಿ ಜೋಡಿಸುವುದು. ಅಪ್ಪಾಜಿ ಹೊರಗೆ ಶೂಟಿಂಗಿಗೆ ಹೋಗುತ್ತಾರೆ, ನಾನು ಒಳಗೆ ಕೂತು ಮಿಕ್ಸಿಂಗ್ ಮಾಡುತ್ತೇನೆ. ಒಂಬತ್ತು ವರ್ಷದಿಂದ ಇದೇ ಕೆಲಸ. ಯಾರೋ ಹಾರ್ಡ್‌ಡಿಸ್ಕ್ ತಂದುಕೊಟ್ಟು ಚಂದದೊಂದು ಫಿಲ್ಮ್ ಮಾಡಿಕೊಡಿ ಎಂದರೆ ಕೈ ತಾನಾಗಿಯೇ ಎಸಳಿನ ಕಡೆ ಹೋಗುತ್ತದೆ.

ಅವನ ಹೆಸರು ಸಿದ್ದಾರೂಢ. ಸೋನ್ಯಾಳದಲ್ಲಿ ಡ್ರಿಪ್ ಪೈಪಿನ ಅಂಗಡಿ. ಮಧ್ಯಾಹ್ನ ಗಿರಾಕಿ ಇಲ್ಲದ ಎರಡು ತಾಸು ಅವನು ಕಂಪ್ಯೂಟರಿನಲ್ಲಿ ವಿಮಾನ ಹಾರಿಸುತ್ತಾನೆ. ಫ್ಲೈಟ್ ಸಿಮ್ಯುಲೇಟರ್ ಅಂತ ಆ ಆಟದ ಹೆಸರು. ಆಟ ಎಂದರೆ ಅವನಿಗೆ ಸಿಟ್ಟು ಬರುತ್ತದೆ. ನಿಜವಾದ ವಿಮಾನವನ್ನು ಹತ್ತಿರದಿಂದ ನೋಡಿಯೂ ಇಲ್ಲದ ಈ ಮನುಷ್ಯ ಅದರ ಪ್ರತಿ ಗುಂಡಿಯ ಹೆಸರು ಹೇಳಬಲ್ಲ. ಹಾರಿದ್ದೆಲ್ಲ ರೆಕಾರ್ಡ್ ಆಗುತ್ತದೆ. ಅದನ್ನೇ ರೆಕ್ಕೆಯ ಮೇಲಿಂದ, ಬಾಲದ ಹಿಂದಿನಿಂದ, ನೆಲದಿಂದ ಬೇರೆ ಬೇರೆ ಕ್ಯಾಮೆರಾ ಇಟ್ಟು ಮತ್ತೆ ಮತ್ತೆ ತೆಗೆಯಬಹುದು. ಇಂಥವರದೇ ಒಂದು ಆನ್‌ಲೈನ್ ಬಳಗ ಆರು ನಿಮಿಷದ ಫಿಲ್ಮ್‌ಗಳ ಸ್ಪರ್ಧೆ ಇಟ್ಟಿತ್ತು. ತಿಂಗಳ ಕೊನೆಯ ಶುಕ್ರವಾರದೊಳಗೆ ಕಳಿಸಬೇಕು.

ಆ ಎಸಳಿನ ಕಾಪಿ ಅವನ ಹಾರ್ಡ್‌ಡಿಸ್ಕಿನಲ್ಲೇ ಮನೆಗೆ ಹೋಯಿತು. ನಾನು ಎಸಳು ತೆಗೆದೆ, ಸನಾದಿ ತೆಗೆದೆ. ವಾರಕ್ಕೆ ಎರಡು ಸಲ ಅವನು ಪೆನ್‌ಡ್ರೈವ್ ಹಿಡಿದು ಬರತೊಡಗಿದ. ನನ್ನ ತಲೆನೋವು ಅಲ್ಲಿಂದ ಶುರು.

ಏನನ್ನೂ ಕತ್ತರಿಸಲು ಬಿಡುತ್ತಿರಲಿಲ್ಲ. ಕೊಲ್ಹಾಪುರದಿಂದ ನಮ್ಮೂರ ಕಡೆಗೆ ಒಂದು ತಾಸಿನ ಹಾರಾಟ, ಅದನ್ನು ಆರು ನಿಮಿಷಕ್ಕೆ ಇಳಿಸಬೇಕು. ನಾನು ಕತ್ತರಿ ಇಟ್ಟಲ್ಲೆಲ್ಲ ಅವನ ಕೈ ಮಾನಿಟರಿನ ಕಡೆ ಬರುತ್ತಿತ್ತು. ಈ ತಿರುವು ಇರಲಿ, ಆ ಮೋಡ ಇರಲಿ. ಮದುವೆಯ ಊಟದ ಸಾಲನ್ನೇ ಮುಲಾಜಿಲ್ಲದೆ ಹಾರಿಸುವವಳು ನಾನು, ಇವನ ಮೋಡಗಳ ಮುಂದೆ ಕೈಕಟ್ಟಿ ಕೂರಬೇಕಾಯಿತು.

ಆಟದೊಳಗೆ ಕರಜಗಿಯೂ ಇತ್ತು, ಆದರೆ ನಮ್ಮ ಓಣಿಯ ತುಂಬ ಯಾವುದೋ ದೇಶದ ಕೆಂಪು ಹಂಚಿನ ಎರಡಂತಸ್ತಿನ ಮನೆಗಳು. ನೋಡಿ ನಾನು ನಕ್ಕುಬಿಟ್ಟೆ. ಅವನು ಮಾತ್ರ ನಗದೆ ಬೆರಳಿಟ್ಟು ತೋರಿಸಿದ, ನಿಮ್ಮ ಸ್ಟುಡಿಯೋ ಇಲ್ಲಿ ಬರುತ್ತದೆ ಎಂದು. ಎಷ್ಟು ಸಲ ಅದರ ಮೇಲೆ ಹಾರಿದ್ದಾನೆ ಎಂದು ಕೇಳಿದೆ. ಮೌಸ್ ತಿರುಗಿಸುತ್ತ ಕೂತ.

ಇನ್ನೊಂದು ವಿಷಯ ಹೇಳಬೇಕು. ಪರದೆಯ ಮೇಲೆ ವಿಮಾನ ಎಡಕ್ಕೆ ವಾಲಿದರೆ ಅವನೂ ಎಡಕ್ಕೆ ವಾಲುತ್ತಿದ್ದ. ಎಡಗಡೆ ಕೂತವಳು ನಾನು. ಅವನ ಭುಜ ನನ್ನ ಭುಜದ ತೀರ ಹತ್ತಿರ ಬಂದು, ತಾಗುವ ಮೊದಲೇ ವಿಮಾನದ ಜೊತೆ ನೆಟ್ಟಗಾಗಿಬಿಡುತ್ತಿತ್ತು. ಅವನಿಗೆ ಇದರ ಖಬರೇ ಇರಲಿಲ್ಲ. ನನಗೆ ಮಾತ್ರ ಪ್ರತಿ ಎಡ ತಿರುವೂ ಬಾಯಿಪಾಠವಾಗಿತ್ತು. ಬೇಕೆಂದೇ ಅವನ್ನೆಲ್ಲ ಎರಡೆರಡು ಸಲ ಓಡಿಸುತ್ತಿದ್ದೆ. ನನಗೆ ಅವನು ಬೇಕಾಗಿದ್ದ, ಅದನ್ನು ಮುಚ್ಚಿಟ್ಟು ಏನು ಮಾಡಲಿ.

ಬರೀ ಹಾರಾಟವನ್ನು ಯಾರು ನೋಡುತ್ತಾರೆ, ಒಂದು ಕಥೆ ಬೇಕು ಎಂದು ನಾನೇ ಹಟ ಹಿಡಿದೆ. ಕಡೆಗೆ ಕಥೆ ಹೀಗಾಯಿತು: ಸಣ್ಣ ವಿಮಾನದಲ್ಲಿ ಒಬ್ಬನೇ ಒಬ್ಬ ಪೈಲಟ್, ಮೋಡದಲ್ಲಿ ದಾರಿ ತಪ್ಪಿದ್ದಾನೆ. ಕೆಳಗೆ ಎರೆಹೊಲದ ಅಂಚಿನಲ್ಲಿ ಒಬ್ಬಳು ರೇಡಿಯೋ ಹಿಡಿದು ಅವನನ್ನು ಕರೆಯುತ್ತಿದ್ದಾಳೆ. ಅವಳ ದನಿಗೆ ಬೇರೆ ಯಾರನ್ನು ಹುಡುಕುವುದು? ಮದುವೆಯ ಮೈಕ್ ಹಿಡಿದು ನಾನೇ ಹೇಳಿದೆ: "ನಾ ಇಲ್ಲೇ ಅದೀನಿ. ಹೆದರಬ್ಯಾಡ್ರಿ, ಹಂಗ ಬರ್ರಿ."

ಚೆನ್ನಾಗಿದೆ ಎಂದನೇ? ಇಲ್ಲ. ಇನ್ನೊಂದು ಸಲ ಹೇಳಿ ಎಂದ. ಏಳು ಸಲ ಹೇಳಿಸಿದ. ಏಳನೆಯ ಸಲ ಯಾಕೆ ಎಂದು ಕೇಳಿದರೆ, ಮೊದಲನೆಯದೇ ಸರಿ ಇತ್ತು ಅಂದ. ಮೈಕ್ ಎತ್ತಿ ಅವನ ತಲೆಗೆ ಕುಕ್ಕಬೇಕು ಅನ್ನಿಸಿತು.

ಎಲ್ಲ ಜೋಡಿಸಿ ಕೊನೆಗೆ ಬಂದರೆ ಫಿಲ್ಮಿಗೆ ಕೊನೆಯೇ ಇಲ್ಲ. ಅವನು ಕೊಟ್ಟ ನಲವತ್ತೊಂದು ರೆಕಾರ್ಡಿಂಗ್ ತೆರೆದು ನೋಡಿದೆ. ಒಂದರಲ್ಲೂ ವಿಮಾನ ನೆಲ ಮುಟ್ಟಿರಲಿಲ್ಲ. ನೆಲ ಹತ್ತಿರ ಬರುತ್ತದೆ, ಜೋಳದ ಹೊಲ ದೊಡ್ಡದಾಗುತ್ತದೆ, ಇನ್ನೇನು ಗಾಲಿ ತಾಗಬೇಕು ಎನ್ನುವಾಗ ರೆಕಾರ್ಡಿಂಗ್ ನಿಂತುಹೋಗುತ್ತದೆ.

ಯಾಕೆ ಎಂದು ಕೇಳಿದೆ.

"ಇಳಸಾಕ ಚಂದ ಬರಂಗಿಲ್ರಿ ನನಗ," ಎಂದ. "ಪುಟಿತೈತಿ. ಅದಕ್ಕ ಬಂದ್ ಮಾಡಿಬಿಡತೀನಿ."

ಪುಟಿದರೆ ಪುಟಿಯಲಿ, ಅದನ್ನೇ ತನ್ನಿ, ಅವಳು ಪಾಪ ಹೊಲದಲ್ಲಿ ಕಾಯುತ್ತಿದ್ದಾಳೆ ಎಂದೆ. ಚಂದ ಬರುವವರೆಗೆ ಬೇಡ ಎಂದ. ಅದು ಯಾವ ಕಾಲಕ್ಕೆ ಎಂದರೆ ಗೊತ್ತಿಲ್ಲ ಎಂದ. ಆ ದಿನ ನನಗೆ ಈ ಮನುಷ್ಯ ಪೂರ್ತಿ ಅರ್ಥವಾಗಿಬಿಟ್ಟ. ತಾನು ಎಡವುವುದನ್ನು ಯಾರೂ ನೋಡಬಾರದು. ಇಂಥವನು ನನ್ನೆದುರು ಬಾಯಿ ಬಿಡುವುದು ಯಾವ ಜನ್ಮಕ್ಕೆ?

ಅದಾದ ಸೋಮವಾರ ಅವನು ಪೆನ್‌ಡ್ರೈವ್ ಬದಲು ಮಡಚಿದ ಒಂದು ಕಾಗದ ತಂದ. ಅದು ಅವನ ಬಯೋಡಾಟಾ. ಟೈಪ್ ಮಾಡಿಕೊಡಬೇಕಂತೆ.

ನಮ್ಮ ಕಡೆ ಸಂಬಂಧ ನೋಡಲು ಬಯೋಡಾಟಾ ಬೇಕೇ ಬೇಕು, ಅದನ್ನು ಮಾಡಿಸಲು ಸ್ಟುಡಿಯೋಕ್ಕೇ ಬರಬೇಕು. ಒಂದೇ ಹಾಳೆಯಲ್ಲಿ ಮೇಲೆ ಮರಾಠಿ, ಕೆಳಗೆ ಕನ್ನಡ. ಗಡಿಭಾಗ ನಮ್ಮದು, ಬೀಗರು ಯಾವ ಕಡೆಯವರು ಸಿಗುತ್ತಾರೋ ಹೇಳಲಾಗದು. ಹೆಸರು, ಎತ್ತರ, ಶಿಕ್ಷಣ, ಹೊಲ ಎಷ್ಟು, ಸೋದರಮಾವ ಯಾರು, ಕೊನೆಗೆ ‘ಅಪೇಕ್ಷೆ’ ಎಂಬ ಒಂದು ಸಾಲು. ಎಂಥ ಹುಡುಗಿ ಬೇಕು ಎಂಬುದು ಅಲ್ಲಿ ಬರುತ್ತದೆ. ಆ ಸಾಲನ್ನು ಅವನು ಖಾಲಿ ಬಿಟ್ಟಿದ್ದ. ನಿಮಗೆ ತಿಳಿದಂತೆ ಬರೆಯಿರಿ ಎಂದ.

ನನ್ನ ಕೈಯಿಂದಲೇ. ಎಷ್ಟು ಧೈರ್ಯ ನೋಡಿ. ಹಲ್ಲು ಕಚ್ಚಿಕೊಂಡು ಬರೆದೆ: ಸುಂದರ, ಸುಶೀಲ, ಕಡಿಮೆ ಮಾತಿನ ಕನ್ಯೆ.

ಅವನು ಬಗ್ಗಿ ಓದಿದ. ಪರದೆಯಿಂದ ಕಣ್ಣು ತೆಗೆದು ನನ್ನ ಕಡೆ ನೋಡಿದ, ಎರಡು ಗಳಿಗೆ ಹೆಚ್ಚೇ ನೋಡಿದ.

"ಕಡಿಮಿ ಮಾತು ಬ್ಯಾಡ್ರಿ," ಎಂದ. "ಅದನ್ನ ತಗೀರಿ."

ತೆಗೆದೆ. ಸಿಟ್ಟಿನಲ್ಲಿ ಇದ್ದವಳಿಗೆ ಆ ನೋಟ ತಲೆಗೆ ಹತ್ತಲಿಲ್ಲ. ಒಂದೇ ಕಾಪಿ ಸಾಕು ಎಂದ. ಒಂದು ಹಾಳೆ ಹಿಡಿದು ಎಷ್ಟು ಊರು ಸುತ್ತುತ್ತಾನೋ ಸುತ್ತಲಿ ಎಂದು ಪ್ರಿಂಟ್ ಕೈಗಿಟ್ಟೆ. ಅಪ್ಪಾಜಿ ಇಲ್ಲವೇ ಎಂದು ಕೇಳಿದ. ಶೂಟಿಂಗಿಗೆ ಹೋಗಿದ್ದಾರೆ ಎಂದೆ. ಹಾಳೆಯನ್ನು ಅಂಗಿಯ ಜೇಬಿಗಿಟ್ಟು ಹೋದ.

ಅವನು ಹೋದ ಮೇಲೆ ನಾನು ಎಲ್ಲರ ಬಯೋಡಾಟಾಕ್ಕೂ ಮಾಡುವುದನ್ನೇ ಮಾಡಿದೆ. ನಮ್ಮ ಸಮಾಜದ ವಧು-ವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಇದು ಸ್ಟುಡಿಯೋದ ಪುಕ್ಕಟೆ ಸೇವೆ, ಗಿರಾಕಿಗಳು ಕೇಳಿ ಕೇಳಿ ಹಾಕಿಸುತ್ತಾರೆ. ಆರುನೂರು ಮನೆಗಳ ಗ್ರೂಪು. ಹಾಕಿ, ಬಾಗಿಲು ಮುಂದೆ ಮಾಡಿ, ಒಂದಿಷ್ಟು ಅತ್ತೆ.

ಗುರುವಾರದ ಹೊತ್ತಿಗೆ ಸುದ್ದಿ ನನ್ನ ಕಿವಿಗೂ ಬಂತು. ಸಿದ್ದಾರೂಢನ ಮನೆಗೆ ಫೋನಿನ ಮೇಲೆ ಫೋನು. ಅವನ ತಾಯಿ ಹಾಲವ್ವ ಹಿಗ್ಗಿ, ರವಿವಾರ ಸೊರಡಿಗೆ ಕನ್ಯೆ ನೋಡಲು ಹೋಗುವುದೆಂದು ಗೊತ್ತು ಮಾಡಿದ್ದಾರೆ. ಹುಡುಗಿ ಬಿ.ಎಡ್. ಆಗಿದ್ದಾಳಂತೆ. ನಾನು ಅವತ್ತು ಯಾರದೋ ಮದುವೆ ವಿಡಿಯೋದಲ್ಲಿ ಮದುಮಗನ ಬದಲು ಅವನ ಭಾವನ ಮುಖಕ್ಕೆ ಮಾಲೆಯ ಚೌಕಟ್ಟು ಹಾಕಿಬಿಟ್ಟೆ.

ಶುಕ್ರವಾರ, ಫಿಲ್ಮ್ ಕಳಿಸುವ ಕೊನೆಯ ದಿನ, ಮಧ್ಯಾಹ್ನ ಅವನು ಬಂದ. ಅಪ್ಪಾಜಿ ಅವತ್ತೂ ಇರಲಿಲ್ಲ. ಕೂರಿ ಎಂದರೆ ಕೂರಲಿಲ್ಲ.

"ಗ್ರೂಪಿಗೆ ಯಾಕ ಹಾಕಿದ್ರಿ?"

"ಎಲ್ಲಾರದೂ ಹಾಕತೀವ್ರಿ."

"ನಾ ಒಂದ ಕಾಪಿ ಅಂದಿದ್ನಿ."

"ಒಂದರಾಗ ಎಷ್ಟ ಮನಿ ಆಗತಿದ್ವು ನಿಮಗ?"

"ಒಂದ ಮನಿ ಆಗತಿತ್ರಿ," ಎಂದ. "ಶಿವಯೋಗೆಪ್ಪ ಕಾಕಾರ ಕೈಯಾಗ ಕೊಡಬೇಕಂತ ಮಾಡಿದ್ನಿ. ಅವರು ಅವತ್ತ ಇರಲಿಲ್ಲ."

ಶಿವಯೋಗೆಪ್ಪ ನನ್ನ ಅಪ್ಪಾಜಿ. ಮನೆಯಲ್ಲಿ ಮದುವೆಗೆ ಇರುವವಳು ನಾನೊಬ್ಬಳೇ. ಕುರ್ಚಿಯ ಹಿಡಿಕೆ ಹಿಡಿದುಕೊಂಡೆ. ಸಂತೋಷವಾಗಬೇಕಿತ್ತು, ಆದರೆ ಮೊದಲು ಬಂದದ್ದು ಸಿಟ್ಟು. ನನ್ನ ಕೈಯಿಂದ ಟೈಪ್ ಮಾಡಿಸಿ ನನ್ನ ಅಪ್ಪನಿಗೇ ಕೊಡುವ ಬಯೋಡಾಟಾ ಅದು ಎಂದು ನನಗೆ ಹೇಗೆ ಗೊತ್ತಾಗಬೇಕಿತ್ತು ಎಂದು ಕೇಳಿದೆ. ಟೈಪ್ ಮಾಡುವಾಗ ತಾನಾಗಿಯೇ ತಿಳಿಯುತ್ತದೆ ಅಂದುಕೊಂಡಿದ್ದನಂತೆ. ತಿಂಗಳಿಗೆ ಮೂವತ್ತು ಬಯೋಡಾಟಾ ಟೈಪ್ ಮಾಡುತ್ತೇನೆ, ಮೂವತ್ತು ಜನವೂ ನನ್ನನ್ನೇ ಕೇಳುತ್ತಿದ್ದಾರೆ ಅಂದುಕೊಳ್ಳಲೇ ಎಂದೆ. ಆಗ ಅವನು ಕೂತು ಮನೆಯ ಸಂಗತಿ ಹೇಳಿದ.

ಸೊರಡಿಗೆ ಬರುವುದಿಲ್ಲ ಎಂದು ಬೆಳಿಗ್ಗೆ ತಾಯಿಗೆ ಹೇಳಿದ್ದಾನೆ. ಯಾಕೆ ಎಂದು ಅವರು ಕೇಳಿದ್ದಕ್ಕೆ ಸುಮ್ಮನೆ ನಿಂತಿದ್ದಾನೆ. ಹಾಲವ್ವ ಮಾತು ಬಿಟ್ಟಿದ್ದಾರೆ. ಇವನು ಹೆಸರು ಹೇಳುವವರೆಗೆ ಸೊರಡಿಯವರಿಗೆ ಫೋನ್ ಮಾಡುವುದಿಲ್ಲ ಎಂದು ಕೂತಿದ್ದಾರೆ. ಇಷ್ಟಾದರೂ ಅವನ ಬಾಯಿಂದ ನನ್ನ ಹೆಸರು ಬಂದಿಲ್ಲ.

"ಹಾಳಿ ಮ್ಯಾಲ ಟೈಪ್ ಮಾಡಿದ್ದು ನಾ ಲೆಕ್ಕಕ್ಕ ಹಿಡಿಯಂಗಿಲ್ರಿ," ಎಂದೆ. "ನೀವ ಇನ್ನೂ ಏನೂ ಹೇಳಿಲ್ಲ ನನಗ."

ಅವನು ಜೇಬಿನಿಂದ ಪೆನ್‌ಡ್ರೈವ್ ತೆಗೆದು ತಾನೇ ಹಚ್ಚಿದ. ಒಂದೇ ಫೈಲ್ ಇತ್ತು.

ಮೋಡ ಹಿಂದಾಯಿತು. ಎರೆಹೊಲ ಮೇಲೆದ್ದು ಬಂತು. ಪ್ರತಿ ಸಲ ನಿಲ್ಲುವ ಜಾಗದಲ್ಲಿ ನಾನು ಉಸಿರು ಹಿಡಿದೆ. ನಿಲ್ಲಲಿಲ್ಲ. ಗಾಲಿ ನೆಲಕ್ಕೆ ಬಡಿದು ವಿಮಾನ ಆಳೆತ್ತರ ಪುಟಿಯಿತು. ಮತ್ತೆ ಬಡಿಯಿತು, ಮತ್ತೆ ಪುಟಿಯಿತು. ಮೂರನೆಯ ಸಲ ಅಡ್ಡಡ್ಡ ಓಡಿ ಒಂದು ರೆಕ್ಕೆಯನ್ನು ಜೋಳದೊಳಗೆ ಊರಿ, ಮೂಗು ತಿರುಗಿಸಿಕೊಂಡು ನಿಂತಿತು. ಧೂಳು. ಅಷ್ಟು ಕೆಟ್ಟದಾಗಿ ಇಳಿದದ್ದನ್ನು ನಾನು ಯಾವ ವಿಡಿಯೋದಲ್ಲೂ ಕಂಡಿಲ್ಲ. ನನ್ನ ಕಣ್ಣು ತುಂಬಿ ಬಂದವು.

"ಕಟ್ ಮಾಡ್ರಿ ಬೇಕಾದ್ರ," ಎಂದ.

"ಒಂದ ಫ್ರೇಮೂ ಮಾಡಂಗಿಲ್ಲ."

ಇಡಿಯಾಗಿ ಜೋಡಿಸಿದೆ. ಅಷ್ಟು ಉದ್ದದ ಇಳಿಯುವಿಕೆಗೆ ಜಾಗ ಮಾಡಲು ಅವನ ಮೂರು ಮೋಡಗಳನ್ನು ತೆಗೆದೆ, ಅವನು ಕೈ ಅಡ್ಡ ತರಲಿಲ್ಲ. ಫಿಲ್ಮ್ ಕಳಿಸಲು ಹಚ್ಚಿದೆವು. ನಮ್ಮ ನೆಟ್ಟಿಗೆ ಅದು ನಲವತ್ತು ನಿಮಿಷದ ಕೆಲಸ. ಪರದೆಯ ಮೇಲೆ ನೋಡಲು ಏನೂ ಇರಲಿಲ್ಲ, ಹಾಗಾಗಿ ಅವನು ನನ್ನನ್ನೇ ನೋಡಬೇಕಾಯಿತು.

"ನಾ ನಿಮ್ಮನ್ನ," ಎಂದ. ನಿಲ್ಲಿಸಿದ. ನೀರು ಕುಡಿದ. "ಅಲ್ರಿ, ನೀವ ಮೈಕಿನ್ಯಾಗ ಬರ್ರಿ ಅಂದಾಗಿಂದ. ಅದಕ್ಕೂ ಮೊದಲ ಇರಬೇಕು. ಹೂವಿನ ಎಸಳು ಹಾಕಿದ್ರಲ್ಲ, ಆವಾಗ ಸಿಟ್ಟ ಬಂದಿತ್ತು ಖರೆ, ಆದ್ರ ಮನಿಗಿ ಹೋಗಿ ಅದನ್ನ ಹತ್ತ ಸಲ ನೋಡೀನಿ." ಹಣೆ ಒರೆಸಿಕೊಂಡ. "ನಿಮ್ಮನ್ನ ಬಿಟ್ಟ ಬ್ಯಾರೆ ಯಾರೂ ಬ್ಯಾಡ ನನಗ. ಚಂದಾಗಿ ಹೇಳಾಕ ಬರವಲ್ದು."

ಮೊದಲ ಸಲ ಅವನ ಭುಜ ವಿಮಾನವಿಲ್ಲದೆ ನನ್ನ ಕಡೆ ವಾಲಿ ತಾಗಿತು. ನಾನು ಸರಿಯಲಿಲ್ಲ.

ಫಿಲ್ಮ್ ಹೋಗಿ ಮುಟ್ಟಿದ ಮೇಲೆ ಅವನು ಎದ್ದ. ಬಾಗಿಲಲ್ಲಿ ನಿಂತು ಜೇಬಿನಿಂದ ಆ ಹಾಳೆ ತೆಗೆದ. ನಾಲ್ಕು ದಿನ ಜೇಬಿನಲ್ಲೇ ಇದ್ದು ಮಡಿಕೆಯ ಜಾಗದಲ್ಲಿ ಹರಿದಿತ್ತು. ಇನ್ನೊಂದು ಪ್ರಿಂಟ್ ತೆಗೆದುಕೊಡುತ್ತೀರಾ, ಅಪ್ಪಾಜಿಗೆ ಕೊಡಬೇಕು ಎಂದು ಕೇಳಿದ.

"ಹಾಳಿ ಬ್ಯಾಡ್ರಿ," ಎಂದೆ. "ನಾಳಿ ಹನ್ನೊಂದಕ್ಕ ಅಪ್ಪಾಜಿ ಇಲ್ಲೇ ಇರತಾರ. ಬಂದು ಬಾಯಿಲೆ ಹೇಳ್ರಿ. ಅದಕ್ಕೂ ಮೊದಲ ನಿಮ್ಮ ಅವ್ವಗ ಹೇಳಿ ಬರ್ರಿ."

ಅವನ ಮುಖ ಇಳಿಯಿತು. "ಕಾಕಾರ ಮುಂದ ತೊದಲಿದ್ರ?"

"ತೊದಲ್ರಿ," ಎಂದೆ. "ಅರ್ಧಕ್ಕ ಬಿಟ್ಟ ಎದ್ದು ಹೋಗಬ್ಯಾಡ್ರಿ, ಅಷ್ಟ. ನಾ ಬಾಜೂಕ ನಿಂತಿರತೀನಿ."