ಮೂಲೆಯ ತಟ್ಟೆ

ರೊದ್ದಂ ಹತ್ತಿರದ ನಮ್ಮೂರಲ್ಲಿ ಹೋದ ವರ್ಷ ಬೆಳಗ್ಗೆ ಹತ್ತಕ್ಕೆ ನೆಲ ನಾಲ್ಕು ಸೆಕೆಂಡು ನಡುಗಿತು. ಅಧಿಕಾರಿಗಳು ಜೀಪಿನಿಂದ ಇಳಿಯದೆಯೇ ‘ಏನೂ ಆಗಿಲ್ಲ’ ಅಂತ ಬರೆದುಕೊಂಡು ಹೋದರು.

ಆಗಿತ್ತು. ನಮ್ಮ ರೇಷ್ಮೆಹುಳುಗಳು ಮೇಯುವುದನ್ನೇ ನಿಲ್ಲಿಸಿದ್ದವು. ಮಳೆಯಂತೆ ಸದ್ದು ಮಾಡುವ ಹುಳುಮನೆ ಪೂರ್ತಿ ಮೌನವಾಗಿತ್ತು. ಹಾಗೇ ಉಳಿದರೆ ಬೆಳೆ ಹೋದಂತೆಯೇ. ನಾನೂ ಹೆಂಡತಿ ಉಮಾದೇವಿಯೂ ಬಾಗಿಲಲ್ಲಿ ನಿಂತೇ ಇದ್ದೆವು.

ಮಧ್ಯಾಹ್ನ ಮೂಲೆಯ ಹುಳುತಟ್ಟೆಯಲ್ಲಿ ಮೇಯುವ ಚರಚರ ಶುರುವಾಯಿತು. ಪಕ್ಕದ್ದರಲ್ಲಿ, ಆಮೇಲೆ ಎಲ್ಲದರಲ್ಲೂ. ಹೋಗಿ ನೋಡಿದರೆ ಮೂಲೆಯದರ ತುಂಬ ಸಣ್ಣಗೆ ಕೊಚ್ಚಿದ ಹಿಪ್ಪುನೇರಳೆ ಸೊಪ್ಪು. ಕೊಚ್ಚಿ ಹಾಕುವುದು ಮರಿಹುಳುಗಳಿಗೆ; ಇವುಗಳಂಥ ದೊಡ್ಡ ಹುಳುಗಳಿಗೆ ನಾವು ಕಡ್ಡಿ ಸಮೇತ ಹಾಕುತ್ತೇವೆ.

“ಇದು ನಮ್ಮತ್ತೆ ಕೈ ಕಣ್ರೀ,” ಎಂದಳು ಉಮಾ. “ಮೊಮ್ಮಕ್ಳಿಗೆ ಅನ್ನ ಕಿವುಚ್ದಂಗೆ ಕೊಚ್ಚವ್ರೆ. ಸತ್ತ ಮ್ಯಾಲೂ ನಮ್ಮೇಲೆ ನಂಬ್ಕೆ ಇಲ್ಲ ನೋಡಿ.”

ಅವ್ವ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ನಾನು ಸೊಪ್ಪು ಮುಟ್ಟಿದೆ. ಕೊಯ್ದ ಅಂಚಿನಲ್ಲಿ ಹಾಲು ಇನ್ನೂ ಒಸರುತ್ತಿತ್ತು.