ಮೆಟ್ಟಿಲ ಮುಂದಿನ ನೀಲಿ ಸೊನ್ನೆ

ಆ ಬೀದಿಯ ಇತಿಹಾಸದಲ್ಲೇ ಅತ್ಯಂತ ಗಂಭೀರವಾದ ಘಟನೆಯನ್ನು ಈಗ ಹೇಳಲೇಬೇಕಾಗಿದೆ. ಮಂಗಳವಾರ ಮಧ್ಯಾಹ್ನ ಮೂರೂಕಾಲಿಗೆ, ಹನ್ನೊಂದನೇ ನಂಬರಿನ ಮನೆಯ ಮೆಟ್ಟಿಲ ಮುಂದೆ ಒಂದು ಸೊನ್ನೆ ಬಿತ್ತು.

ನೀಲಿ ಬಣ್ಣದ ಸೊನ್ನೆ. ಊಟದ ತಟ್ಟೆಯಷ್ಟು ಅಗಲ. ಬಣ್ಣ ಇನ್ನೂ ಹಸಿ.

"ಅಜ್ಜೀ! ನಮ್ಮನೆಗೆ ಯಾರೋ ಸೊನ್ನೆ ಕೊಟ್ಟಿದಾರೆ!" ಎಂದು ಪಿಟೀಲು ಕೂಗಿದಳು. ಸ್ಕೂಲ್ ಬ್ಯಾಗು ಇನ್ನೂ ಅವಳ ಹೆಗಲ ಮೇಲೇ ಇತ್ತು.

"ನಿನ್ನ ಗಣಿತದ ಮಾರ್ಕ್ಸು ಮನೆವರೆಗೂ ಬಂತಾ?" ಎಂದಿತು ಒಳಗಿನಿಂದ ಅಜ್ಜಿಯ ದನಿ.

ಪಿಟೀಲಿಗೆ ಹತ್ತು ವರ್ಷ. ತೊಟ್ಟಿಲಲ್ಲಿದ್ದಾಗ ಅವಳು ಅಳುತ್ತಿದ್ದುದು ಶ್ರುತಿ ತಪ್ಪಿದ ಪಿಟೀಲಿನ ಹಾಗೆ ಕೇಳುತ್ತಿತ್ತಂತೆ. ಅಳು ನಿಂತು ಎಷ್ಟೋ ವರ್ಷವಾದರೂ ಹೆಸರು ಮಾತ್ರ ಬಿಡಲಿಲ್ಲ. ನಿಜವಾದ ಹೆಸರು ಸ್ಕೂಲಿನ ಹಾಜರಿ ಪುಸ್ತಕಕ್ಕೆ ಬಿಟ್ಟರೆ ಬೇರೆ ಯಾರಿಗೂ ನೆನಪಿಲ್ಲ.

ಅವಳು ತಲೆಯೆತ್ತಿ ನೋಡಿದಾಗ ಅವನು ಕಂಡ.

ಬೀದಿಯ ತುದಿಯಲ್ಲಿ ಉದ್ದನೆಯ ಒಬ್ಬ ಮನುಷ್ಯ. ಬೂದು ಬಣ್ಣದ ಕೋಟು. ಕೈಯಲ್ಲಿ ಅವನಷ್ಟೇ ಉದ್ದದ ಕಬ್ಬಿಣದ ಸರಳು. ಸರಳಿನ ಮೇಲ್ತುದಿಯಲ್ಲಿ ಸಣ್ಣ ಬಟ್ಟಲಿನಂಥದೇನೋ ಇತ್ತು. ಅವನು ಸರಳನ್ನು ರಸ್ತೆಗೆ ಊರಿ, ಬಟ್ಟಲಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತುಬಿಟ್ಟ.

ಒಂದು ನಿಮಿಷ. ಎರಡು ನಿಮಿಷ.

ಸ್ಕೂಟರೊಂದು ಬಂತು. ಅವನು ಕಣ್ಣು ಬಿಡದೆ ತುಟಿಯ ಮೇಲೆ ಬೆರಳಿಟ್ಟ. ಸ್ಕೂಟರಿನವನು ಯಾಕೆಂದು ಕೇಳದೆ ಎಂಜಿನ್ ಆಫ್ ಮಾಡಿ, ಗಾಡಿ ತಳ್ಳಿಕೊಂಡು ಹೋದ. ದರ್ಜಿ ಮಾವನ ಹೊಲಿಗೆ ಮೆಷಿನ್ ತಾನಾಗಿ ನಿಂತಿತು. ಯಾವಾಗಲೂ ಬೊಗಳುವ ನಾಯಿ ಕೂಡ ಬಾಯಿ ತೆರೆದು ಮತ್ತೆ ಮುಚ್ಚಿತು.

ಆಮೇಲೆ ಅವನು ಬಗ್ಗಿದ. ಕೋಟಿನ ಜೇಬಿನಿಂದ ತೆಗೆದ ಬಣ್ಣದ ಡಬ್ಬಿ 'ಸ್ಸ್' ಎಂದಿತು. ಇನ್ನೊಂದು ಸೊನ್ನೆ.

ಹೋಗುವ ಮುನ್ನ ಅವನು ಒಮ್ಮೆ ತಿರುಗಿ ಪಿಟೀಲಿನ ಮನೆಯ ಕಡೆ ನೋಡಿದ. ಮನೆಯನ್ನಲ್ಲ, ಮನೆಯ ಕೆಳಗೆ. ಅವನ ರಬ್ಬರ್ ಬೂಟುಗಳಿಂದ ಸದ್ದೇ ಬರುತ್ತಿರಲಿಲ್ಲ.

ಪಿಟೀಲು ಒಳಗೆ ಓಡಿದಳು. ಅಜ್ಜಿ ಬಚ್ಚಲಮನೆಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದಳು. ಅದು ಅವಳ ದಿನದ ಜಾಗ. ವರ್ಷದ ಹಿಂದೆ ತಾತ ತೀರಿಕೊಂಡ ಮೇಲೆ ಬಚ್ಚಲಮನೆಯ ಗೋಡೆ ಪಿಸುಗುಟ್ಟಲು ಶುರುಮಾಡಿತ್ತು. ಹಗಲೂ ರಾತ್ರಿ ಒಂದೇ ಸಮ, ಯಾರೋ ಹಲ್ಲಿನ ಸಂದಿಯಿಂದ ಗುಟ್ಟು ಹೇಳಿದ ಹಾಗೆ. ಶ್‌ಶ್‌ಶ್...

ಅಮ್ಮನಿಗೆ ಅದನ್ನು ಕೇಳಲು ಪುರುಸೊತ್ತಿಲ್ಲ. ಬೆಳಿಗ್ಗೆ ಆರಕ್ಕೆ ಕಂಡಕ್ಟರ್ ಡ್ಯೂಟಿಗೆ ಹೊರಟರೆ ಅವಳು ಬರುವುದು ದೀಪ ಹಚ್ಚುವ ಹೊತ್ತಿಗೆ. ಅಜ್ಜಿಗೆ ಮಾತ್ರ ಆ ಸದ್ದು ಯಾರದೆಂದು ಗೊತ್ತಿತ್ತು.

"ಬದುಕಿದ್ದಾಗಲೂ ಹೀಗೇ," ಎಂದು ಅವಳು ಗೋಡೆ ತೋರಿಸಿ ಹೇಳುತ್ತಿದ್ದಳು. "ಒಂದು ಮಾತನ್ನೂ ಬಿಡಿಸಿ ಹೇಳಿದವರಲ್ಲ."

*

ಸಂಜೆಯ ಹೊತ್ತಿಗೆ ಬೀದಿಯಲ್ಲಿ ಎಂಟು ಸೊನ್ನೆಗಳಿದ್ದವು. ಅರ್ಥ ಹೇಳಲು ದರ್ಜಿ ಮಾವನಿದ್ದ.

"ಸೊನ್ನೆ ಅಂದ್ರೆ ಏನು? ಇಲ್ಲ ಅಂತ! ಇನ್ಮೇಲೆ ಈ ಮನೆ ಇಲ್ಲ ಅಂತ!" ಕತ್ತಿನಲ್ಲಿ ಟೇಪು ತೂಗಾಡುತ್ತಿತ್ತು. "ನನ್ನ ಷಡ್ಡಕನ ಬೀದಿಯಲ್ಲೂ ಹೀಗೇ ಗುರುತು ಹಾಕಿದ್ರು. ಒಂದು ವಾರ, ಅಷ್ಟೇ. ಬುಲ್ಡೋಜರ್ ಬಂತು!"

"ನೀವು ನೋಡಿದ್ರಾ ಮಾವ?" ಎಂದಳು ಪಿಟೀಲು.

"ನಾನ್ಯಾಕೆ ನೋಡ್ಲಿ? ಷಡ್ಡಕ ನೋಡಿದಾನೆ. ಅವನಿಗೆ ಯಾರೋ ಹೇಳಿದ್ರಂತೆ."

ಬೀದಿಯ ವಾಟ್ಸಾಪ್ ಗುಂಪಿಗೆ ಕುಸಿದ ಕಟ್ಟಡದ ಫೋಟೋ ಬಂತು. ಅದು ಎಲ್ಲಿಯದೆಂದು ಯಾರೂ ಕೇಳಲಿಲ್ಲ. ಎಲ್ಲರೂ ಅಳುವ ಮುಖದ ಚಿತ್ರ ಹಾಕಿದರು.

ದೀಪದ ಕಂಬಕ್ಕೆ ಸರ್ಕಾರದ ನೋಟಿಸೊಂದನ್ನು ಅಂಟಿಸಿದ್ದರು, ನಿಜ. ಅದರಲ್ಲಿ ಇದ್ದುದು ಒಂದೇ ವಾಕ್ಯ, ಹದಿನಾಲ್ಕು ಸಾಲು. ಕ್ರಿಯಾಪದ ಕೊನೆಯ ಸಾಲಿನಲ್ಲಿತ್ತು. ಅಲ್ಲಿಯವರೆಗೆ ಯಾರಲ್ಲೂ ಉಸಿರು ಉಳಿದಿರಲಿಲ್ಲ.

ಮರುದಿನ ಪಿಟೀಲು ಸ್ಕೂಲಿನಿಂದ ಬಂದಾಗ ಬೀದಿ ಬೀದಿಯ ಹಾಗಿರಲಿಲ್ಲ. ಹಾಡಹಗಲೇ ಬಾಗಿಲುಗಳೆಲ್ಲ ಮುಚ್ಚಿದ್ದವು. ಆಡುವ ಮಕ್ಕಳಿಲ್ಲ. ಯಾರದೋ ಚೆಂಡು ರಸ್ತೆಯ ಮಧ್ಯೆ ತಾನೇ ಉರುಳಿ, ಒಂದು ಸೊನ್ನೆಯೊಳಗೆ ಹೋಗಿ ನಿಂತಿತ್ತು. ಅದನ್ನು ಎತ್ತಿಕೊಳ್ಳಲು ಅವಳಿಗೆ ಕೈ ಬರಲಿಲ್ಲ.

ಮನೆಯಲ್ಲಿ ಅಜ್ಜಿ ಟ್ರಂಕಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮೂರು ಗಂಟು.

"ಎಲ್ಲಿಗಜ್ಜಿ?"

"ಎಲ್ಲಿಗಾದರೂ ಹೋಗಬಹುದು ಕಣೇ. ಟ್ರಂಕು ಹೊರಬಹುದು, ಪಾತ್ರೆ ಹೊರಬಹುದು." ಅಜ್ಜಿ ಬಚ್ಚಲಮನೆಯ ಕಡೆ ನೋಡಿದಳು. "ಗೋಡೆ ಹೊರೋಕಾಗುತ್ತಾ?"

ಅಜ್ಜಿಯ ಕಣ್ಣಲ್ಲಿ ನೀರಿತ್ತು. ಪಿಟೀಲು ಅದನ್ನು ಕಂಡದ್ದು ಅದೇ ಎರಡನೇ ಸಲ.

ಅವಳು ಸೀಮೆಎಣ್ಣೆಯ ಬಾಟಲಿ, ಪಾತ್ರೆ ಉಜ್ಜುವ ನಾರು ತೆಗೆದುಕೊಂಡು ಹೊರಗೆ ಬಂದು ಮಂಡಿಯೂರಿ ಕೂತಳು. ಬೆರಳ ಚರ್ಮ ಸುಲಿಯುವವರೆಗೂ ಉಜ್ಜಿದಳು. ನೀಲಿ ಹೋಯಿತು.

ಕಿಟಕಿಯಿಂದ ಇಣುಕಿದ ದರ್ಜಿ ಮಾವ, "ಭಲೇ ಪಿಟೀಲು! ತಲೆ ಅಂದ್ರೆ ಇದು!" ಎಂದ. ಎಂದವನೇ ನಾರು ಹುಡುಕಲು ಹೋದ. ಕತ್ತಲಾಗುವುದರೊಳಗೆ ಎಂಟು ಸೊನ್ನೆಗಳೂ ಮಾಯ. ಆದರೆ ಉಜ್ಜಿದ ಕಡೆ ವರ್ಷಗಳ ಕೊಳೆಯೂ ಹೋಗಿ, ಕಪ್ಪು ರಸ್ತೆಯ ಮೇಲೆ ಎಂಟು ಬಿಳಿಚಿದ ವೃತ್ತಗಳು ಉಳಿದವು. ನೋಡಿದರೆ, ಸೊನ್ನೆಗಳೇ ಸತ್ತು ದೆವ್ವವಾದ ಹಾಗೆ.

*

ಮಹಡಿಯ ಮೇಲಿನ ಬಾಡಿಗೆ ಮನೆಯಲ್ಲಿ ಪೇಪರಕ್ಕ ಇದ್ದಳು. ನಾಲ್ಕು ಪುಟದ ಸ್ಥಳೀಯ ಪತ್ರಿಕೆಯೊಂದಕ್ಕೆ ಅವಳು ಚರಂಡಿ, ರಸ್ತೆ ಗುಂಡಿ, ರೇಷನ್ ಕಾರ್ಡುಗಳ ಬಗ್ಗೆ ಬರೆಯುತ್ತಿದ್ದಳು. ಬೀದಿಯವರು ಆ ಪತ್ರಿಕೆಯನ್ನು ತಪ್ಪದೆ ಕೊಳ್ಳುತ್ತಿದ್ದರು. ಕಪಾಟಿನ ತಳಕ್ಕೆ ಹಾಸಲು ಅದರ ಅಳತೆ ಸರಿಯಾಗಿತ್ತು.

ಬಿಳಿಚಿದ ವೃತ್ತದ ಮುಂದೆ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಇಲ್ಲಿ ಸೊನ್ನೆ ಇತ್ತಲ್ಲ?"

"ನಾನೇ ಅಳಿಸಿದೆ," ಎಂದಳು ಪಿಟೀಲು. "ಅದಿದ್ರೆ ಮನೆ ಒಡೀತಾರೆ. ಹೌದಾ ಅಕ್ಕ?"

"ಗೊತ್ತಿಲ್ಲ. ಕೇಳ್ಕೊಂಡು ಬರ್ತೀನಿ."

ಪಿಟೀಲು ಅವಳನ್ನೇ ನೋಡಿದಳು. ದೊಡ್ಡವರೊಬ್ಬರು 'ಗೊತ್ತಿಲ್ಲ' ಎಂದದ್ದು ಆ ವಾರ ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು.

ಪೇಪರಕ್ಕ ಕಂಬದ ನೋಟಿಸನ್ನು ಎರಡು ಸಲ ಓದಿದಳು. ನಡುವೆ ಒಮ್ಮೆ ನೀರು ಕುಡಿದಳು. ಆಮೇಲೆ ಎರಡು ದಿನ ಕಾಣಿಸಲೇ ಇಲ್ಲ.

ಶನಿವಾರ ಬೆಳಿಗ್ಗೆ ಪತ್ರಿಕೆ ಬಂತು. ಮೂರನೇ ಪುಟದಲ್ಲಿ ಹತ್ತು ಕೊಡಗಳ ಚಿತ್ರವಿತ್ತು. ಆರು ಬಿಳಿ, ನಾಲ್ಕು ಕಪ್ಪು. ಪಿಟೀಲು ಅಜ್ಜಿಗೆ ಗಟ್ಟಿಯಾಗಿ ಓದಿದಳು.

ಕಾಲೇಜಿನ ಇಬ್ಬರು ಸಂಶೋಧಕರು ವರ್ಷವಿಡೀ ಅಳೆದಿದ್ದರು. ಟ್ಯಾಂಕಿನಿಂದ ಎಷ್ಟು ನೀರು ಹೊರಡುತ್ತದೆ, ಮನೆಗಳಿಗೆ ಎಷ್ಟು ತಲುಪುತ್ತದೆ ಎಂದು. ಬೀದಿಯಡಿಯ ದೊಡ್ಡ ಪೈಪು ಹಗಲೂ ರಾತ್ರಿ ತುಂಬಿರುತ್ತದೆ, ಸೋರುತ್ತಲೂ ಇರುತ್ತದೆ. ಹೊರಟ ಹತ್ತು ಕೊಡದಲ್ಲಿ ನಾಲ್ಕು ದಾರಿಯಲ್ಲೇ ಮಣ್ಣುಪಾಲು. ನಲ್ಲಿಯಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರುವುದು ಅದಕ್ಕೇ. ಅವರ ವರದಿ ನೋಡಿ ಸರ್ಕಾರ ಹಳೇ ಪೈಪುಗಳನ್ನು ಬದಲಿಸಲು ತೀರ್ಮಾನಿಸಿತ್ತು. ಸೋರುವ ಜಾಗವನ್ನು ಕಿವಿಯಿಂದಲೇ ಪತ್ತೆಹಚ್ಚುವವನು ನೀಲಿ ಸೊನ್ನೆ ಬರೆಯುತ್ತಾನೆ. ಸೋಮವಾರ ಅಗೆಯುವವರು ಬರುತ್ತಾರೆ. ಸೊನ್ನೆ ಇರುವಲ್ಲಿ ಮಾತ್ರ ಅಗೆಯುತ್ತಾರೆ. ಇಲ್ಲದ ಕಡೆಯ ಸರದಿ ಮುಂದಿನ ವರ್ಷ.

ಹದಿನಾಲ್ಕು ಸಾಲಿನ ನೋಟಿಸು ಹೇಳುತ್ತಿದ್ದುದು ಇಷ್ಟೇ.

ಪಿಟೀಲು ಪತ್ರಿಕೆ ಕೆಳಗಿಟ್ಟು ಮೆಟ್ಟಿಲ ಮುಂದಿನ ಬಿಳಿಚಿದ ವೃತ್ತವನ್ನು ನೋಡಿದಳು. ಎಲ್ಲರಿಗಿಂತ ಮೊದಲು ಉಜ್ಜಿದವಳು ಅವಳು.

*

ಮಧ್ಯಾಹ್ನ ಪೇಪರಕ್ಕನ ಜೊತೆ ಬೂದು ಕೋಟಿನವನು ಬಂದ. ಹತ್ತಿರದಿಂದ ನೋಡಿದರೆ ಅವನಿಗೆ ಶೀತವಾಗಿತ್ತು. ಮೂಗು ಒರೆಸಿಕೊಳ್ಳುತ್ತಿದ್ದ.

"ನಾನೇ ಅಳಿಸಿದ್ದು ಅಂಕಲ್," ಎಂದಳು ಪಿಟೀಲು, ಅವನು ಕೇಳುವ ಮೊದಲೇ. "ನನ್ನ ನೋಡಿ ಮಿಕ್ಕವರೂ."

ಅವನು ಬಗ್ಗಿ ಬಿಳಿಚಿದ ವೃತ್ತವನ್ನು ಮುಟ್ಟಿದ. "ಇಷ್ಟು ಚೆನ್ನಾಗಿ ನಮ್ಮ ಇಲಾಖೆಯವರೂ ರಸ್ತೆ ತೊಳೆದಿಲ್ಲ. ಬಣ್ಣ ಸೊಗಸಾಗಿ ಹಿಡಿಯುತ್ತೆ, ಬಿಡು. ಆದ್ರೆ ಅಳಿಸಿದ ಮೇಲೆ ಮತ್ತೆ ಬರೀಬೇಕಂದ್ರೆ ಮನೆಯವರು ಒಪ್ಪಬೇಕು. ಬೇಡ ಅಂದ್ರೆ ನಾನು ಬರೆಯೋ ಹಾಗಿಲ್ಲ." ಆಮೇಲೆ ಸರಳನ್ನು ಅವಳ ಕಡೆ ಚಾಚಿದ. "ಕೇಳ್ತೀಯಾ?"

ಬಟ್ಟಲು ಅವಳ ಕಿವಿಗೆ ತಣ್ಣಗೆ ತಾಗಿತು. ಮೊದಲು ಏನೂ ಇಲ್ಲ. ಆಮೇಲೆ ರಸ್ತೆಯ ಆಳದಿಂದ ಅದು ಮೇಲೆ ಬಂತು.

ಶ್‌ಶ್‌ಶ್...

ಅದೇ ಸದ್ದು. ಅದೇ ಗುಟ್ಟು, ಅದೇ ಹಲ್ಲಿನ ಸಂದಿ. ಬಚ್ಚಲಮನೆಯ ಗೋಡೆಯಲ್ಲಿದ್ದುದು ಇಡೀ ಮನೆಯ ಕೆಳಗೆ ಉದ್ದಕ್ಕೂ ಮಲಗಿ ಉಸಿರಾಡುತ್ತಿತ್ತು.

"ಇದನ್ನ ಸರಿ ಮಾಡಿದ್ರೆ... ಈ ಸದ್ದು ನಿಲ್ಲುತ್ತಾ?"

"ನಿಲ್ಲದೆ ಇದ್ರೆ ನನ್ನ ಕೆಲಸ ಹೋಗುತ್ತೆ ಮರಿ."

ಪಿಟೀಲು ಸರಳನ್ನು ವಾಪಸ್ ಕೊಟ್ಟು ಒಳಗೆ ಹೋದಳು. ಸುಮ್ಮನಿದ್ದುಬಿಡಬಹುದಿತ್ತು. 'ನಮ್ಮನೆಗೆ ಬೇಡ' ಎಂದರೆ ಮುಗಿಯಿತು, ಯಾರೂ ಬಯ್ಯುತ್ತಿರಲಿಲ್ಲ. ಅಜ್ಜಿ ಸ್ಟೂಲಿನ ಮೇಲೆ ಕೂತು ಗೋಡೆಗೆ ಏನೋ ಹೇಳುತ್ತಿದ್ದಳು.

"ಅಜ್ಜಿ, ಮನೆ ಒಡೆಯಲ್ಲ. ಪೈಪ್ ಹಾಕ್ತಾರೆ." ಅವಳು ಸ್ಟೂಲಿನ ಪಕ್ಕ ನೆಲದ ಮೇಲೆ ಕೂತಳು. "ಆದ್ರೆ ಈ ಸದ್ದು... ಅದು ನೀರಂತೆ. ನಾನು ಕೇಳಿದೆ. ರಸ್ತೆ ಕೆಳಗೂ ಇದೇ ಇದೆ."

ಅಜ್ಜಿ ಗೋಡೆಗೆ ಅಂಗೈ ಹಚ್ಚಿದಳು. ಗೋಡೆ ತನ್ನ ಮಾತು ನಿಲ್ಲಿಸಲಿಲ್ಲ.

"ಆ ಕೊಡಗಳ ಚಿತ್ರ ತಾ," ಎಂದಳು ಕೊನೆಗೆ. ಕಪ್ಪು ಕೊಡಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಎಣಿಸಿದಳು. "ಹತ್ತಕ್ಕೆ ನಾಲ್ಕು ಪೋಲು?"

"ಹ್ಞೂಂ."

"ಹಾಗಾದ್ರೆ ಇದು ಅವರಲ್ಲ ಬಿಡು." ಅಜ್ಜಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಅವರು ಒಂದು ಲೋಟ ನೀರಲ್ಲಿ ಮುಖ ತೊಳೆದು, ಉಳಿದದ್ದನ್ನ ಗಿಡಕ್ಕೆ ಹಾಕ್ತಿದ್ದವರು. ಹೋಗು, ಬರೀಲಿಕ್ಕೆ ಹೇಳು."

ಆ ಮಧ್ಯಾಹ್ನ ಪಿಟೀಲು ಪತ್ರಿಕೆ ಹಿಡಿದು ಉಳಿದ ಏಳು ಬಾಗಿಲು ತಟ್ಟಿದಳು. ಪ್ರತಿ ಬಾಗಿಲಲ್ಲೂ ಮೊದಲು ತನ್ನ ತಪ್ಪು ಹೇಳಿದಳು, ಆಮೇಲೆ ಕೊಡಗಳನ್ನು ತೋರಿಸಿದಳು. ಆರು ಮನೆಯವರು ಚಿತ್ರ ನೋಡಿ, ಚಾವಣಿ ನೋಡಿ, ಮತ್ತೆ ಚಿತ್ರ ನೋಡಿ, "ಸರಿ" ಎಂದರು. ಒಬ್ಬಾಕೆ ಕಪಾಟಿನ ತಳದಿಂದ ಹಳೇ ಪತ್ರಿಕೆ ಎಳೆದು, ಅದರಲ್ಲಿ ಇನ್ನೇನೇನು ಓದದೆ ಬಿಟ್ಟಿದ್ದೇನೋ ಎಂದು ಅಲ್ಲೇ ನಿಂತು ಓದತೊಡಗಿದಳು.

ದರ್ಜಿ ಮಾವ ವೃತ್ತದ ಮೇಲೆ ಮೆಷಿನ್ ಇಟ್ಟುಕೊಂಡು ಕೂತಿದ್ದ. "ಪೇಪರ್‌ನಲ್ಲಿ ಬಂದದ್ದೆಲ್ಲ ನಂಬೋಕಾಗುತ್ತಾ?"

"ನಂಬಬೇಡಿ ಮಾವ. ಅವರು ಹೊರಗೆ ಸರಳು ಹಿಡ್ಕೊಂಡು ನಿಂತಿದಾರೆ. ಬಂದು ಕೇಳಿ."

"ನನಗೆ ಷಡ್ಡಕ ಹೇಳಿದಾನೆ," ಎಂದ ಮಾವ. ಮೆಷಿನ್ ಅಲುಗಲಿಲ್ಲ.

*

ಸೋಮವಾರ ಅಗೆಯುವವರು ಬಂದರು. ಹನ್ನೊಂದನೇ ನಂಬರಿನ ಮುಂದೆ ಮೂರಡಿ ಆಳದಲ್ಲಿ ತುಕ್ಕು ತಿಂದ ಪೈಪು ಸಿಕ್ಕಿತು. ಅದರಲ್ಲಿದ್ದ, ಮನುಷ್ಯರ ಬಾಯಿಯಷ್ಟು ಅಗಲದ ತೂತಿನಿಂದ ನೀರು ಪಿಸುಗುಟ್ಟುತ್ತಿತ್ತು. ಹೊಸ ಪೈಪು ಕೂಡಿಸಿದ ಕ್ಷಣ ಅದು ನಿಂತಿತು, ಮಾತಿನ ಮಧ್ಯೆಯೇ.

ಸಂಜೆ ಪಿಟೀಲು ಬಚ್ಚಲಮನೆಗೆ ಹೋಗಿ ಗೋಡೆಗೆ ಕಿವಿ ಹಚ್ಚಿದಳು. ಏನೂ ಇಲ್ಲ. ಈಗ ಆ ಮೌನಕ್ಕೇ ಅವಳ ಮೈ ಸ್ವಲ್ಪ ಜುಮ್ಮೆಂದಿತು. ತಿರುಗಿದರೆ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಗೋಡೆಯ ಮೇಲಿತ್ತು.

ಪಿಟೀಲು ಸ್ಟೂಲನ್ನು ಎತ್ತಿಕೊಂಡು ಬಂದು ಅಡುಗೆಮನೆಯಲ್ಲಿ, ತಾನು ಹೋಂವರ್ಕ್ ಮಾಡುವ ಜಾಗದ ಪಕ್ಕದಲ್ಲಿ ಇಟ್ಟಳು. ಅಜ್ಜಿ ಬಂದು ಕೂತಳು.

"ನಿಮ್ಮ ತಾತ ಒಂದು ಸಲ ಏನು ಮಾಡಿದ್ರು ಗೊತ್ತಾ?" ಎಂದಳು.

ಬೀದಿಗೆ ಈಗ ನೀರು ದಿನ ಬಿಟ್ಟು ದಿನ ಬರುತ್ತದೆ. ಎಂಟರಲ್ಲಿ ಏಳು ಕಡೆ ಅಗೆದರು. ಎಂಟನೆಯದು ದರ್ಜಿ ಮಾವನದು. ಅವನ ಸರದಿ ಮುಂದಿನ ವರ್ಷ.